ಆಸ್ಪತ್ರೆಯಲ್ಲಿರುವ ಹಿರಿಯರ ದೈಹಿಕ ಸಾಮರ್ಥ್ಯ ಮತ್ತು ಪುನಶ್ಚೇತನ: ಕಾಸರಗೋಡಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವ ನನ್ನಲ್ಲಿ, ಹಿರಿಯರ ಮಂಚದ ಪಕ್ಕ ಹಗಲೂ ರಾತ್ರಿಯೂ ಕೂರುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೇರಳದ ಆಸ್ಪತ್ರೆಗಳಲ್ಲಿ ಇವರಿಗೆ ಬೈಸ್ಟ್ಯಾಂಡರ್ ಎಂಬ ಹೆಸರಿದೆ. ವಾರ್ಡಿನ ಗಡಿಬಿಡಿಯಲ್ಲಿ ನಿಂತಲ್ಲೇ ಕೊಟ್ಟ ಉತ್ತರಗಳು ಅವರಿಗೆ ಸಾಲದಾಗಿವೆ ಎಂದು ನನಗೆ ಹಲವು ಬಾರಿ ಅನ್ನಿಸಿದ್ದರಿಂದ, ಅವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ನಿಮ್ಮ ಮನೆಯ ಹಿರಿಯರ ವಿಷಯದಲ್ಲಿ ಕೊನೆಯ ತೀರ್ಮಾನ ಅವರನ್ನು ಕಣ್ಣಾರೆ ನೋಡುತ್ತಿರುವ ವೈದ್ಯರದ್ದೇ ಆಗಿರಬೇಕು.

ತಂದೆಯವರನ್ನು ಸೇರಿಸಿದ್ದು ನ್ಯುಮೋನಿಯಕ್ಕೆ. ಅವರು ಮೊದಲು ಹೇಗೆ ನಡೆಯುತ್ತಿದ್ದರು, ಸ್ನಾನಕ್ಕೆ ಯಾರಾದರೂ ಬೇಕಿತ್ತೇ ಎಂದೆಲ್ಲ ಏಕೆ ಕೇಳುತ್ತಾರೆ?

ಜ್ವರ ಇಳಿದ ದಿನವೇ ಕಾಲಿನ ಬಲವೂ ಮರಳುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಿರಿಯರಲ್ಲಿ ಹಾಗೆ ಆಗುವುದಿಲ್ಲ. ರೋಗ ಗುಣವಾಗುತ್ತ ಬರುವ ದಿನಗಳಲ್ಲೇ ಓಡಾಟದ ಶಕ್ತಿ ಇಳಿಯುತ್ತ ಹೋಗಬಹುದು, ಮತ್ತು ರಕ್ತಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಅದು ಕಾಣಿಸುವುದಿಲ್ಲ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಗೆ ದಾಖಲಾದ 70 ದಾಟಿದ ರೋಗಿಗಳ ಪೈಕಿ ಸುಮಾರು ಶೇ. 35 ಮಂದಿ, ಕಾಯಿಲೆಗೆ ಮೊದಲು ತಾವೇ ಮಾಡಿಕೊಳ್ಳುತ್ತಿದ್ದ ನಿತ್ಯದ ಕೆಲಸಗಳಲ್ಲಿ ಒಂದನ್ನಾದರೂ ಕಳೆದುಕೊಂಡು ಮನೆಗೆ ಮರಳಿದ್ದರು.

ನನ್ನ ಸೋದರಮಾವನ ವಿಷಯದಲ್ಲಿ ಇದನ್ನು ನಾನೇ ಕಂಡೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಎಲ್ಲ ಸರಿಯಾಗಿದೆ ಎಂಬ ಚೀಟಿ ಹಿಡಿದು ಬಂದವರು, ರಸ್ತೆಯಿಂದ ಮನೆಯ ಅಂಗಳಕ್ಕೆ ಇಳಿಯುವ ಹದಿನಾಲ್ಕು ಮುರಕಲ್ಲಿನ ಮೆಟ್ಟಿಲುಗಳ ತಲೆಯಲ್ಲಿ ನಿಂತುಬಿಟ್ಟರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಬೇಕಾಯಿತು. ಅವರಿಗೆ ಮೆಟ್ಟಿಲು ಇಳಿಯಲು ಆಗುತ್ತದೆಯೇ ಎಂದು ಆ ಒಂಬತ್ತು ದಿನಗಳಲ್ಲಿ ಯಾರೂ ನೋಡಿರಲಿಲ್ಲ. ಈ ಕೆಲಸದಲ್ಲೇ ಇರುವ ನಾನೂ ಕೇಳಿರಲಿಲ್ಲ ಎಂಬ ನೋವು ಇಂದಿಗೂ ಇದೆ.

ಕೆಲವು ದಿನ ಮಲಗಿದ ಮಾತ್ರಕ್ಕೆ ಅಷ್ಟೊಂದು ಶಕ್ತಿ ಹೋಗುತ್ತದೆಯೇ?

ಹೋಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಹತ್ತು ದಿನ ಪೂರ್ತಿಯಾಗಿ ಹಾಸಿಗೆಯಲ್ಲೇ ಇರಿಸಿ ನೋಡಿದಾಗ, ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಆರೋಗ್ಯವಂತರ ಪಾಡೇ ಹೀಗಿದ್ದರೆ, ಜ್ವರ, ಸೋಂಕು, ಊಟ ಸೇರದಿರುವುದು, ನಿದ್ದೆಗೇಡು ಎಲ್ಲ ಒಟ್ಟಿಗೆ ಬಂದವರ ಪಾಡು ಇನ್ನೂ ಕಠಿಣವೆಂದು ಬೇರೆ ಹೇಳಬೇಕಾಗಿಲ್ಲ. ಮಲಗಿಯೇ ಇದ್ದಾಗ ರಕ್ತದೊತ್ತಡವನ್ನು ಸರಿದೂಗಿಸುವ ದೇಹದ ಅಭ್ಯಾಸ ತಪ್ಪುತ್ತದೆ, ಶ್ವಾಸಕೋಶದ ತಳಭಾಗಕ್ಕೆ ಗಾಳಿ ಸರಿಯಾಗಿ ಹೋಗುವುದಿಲ್ಲ, ಮಲಬದ್ಧತೆ ಬರುತ್ತದೆ, ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ಆಸ್ಪತ್ರೆಯಲ್ಲಿದ್ದ ಹಿರಿಯರ ಚಲನವಲನವನ್ನು ಯಂತ್ರ ಕಟ್ಟಿ ಅಳೆದ 2009ರ ಮತ್ತೊಂದು ಅಧ್ಯಯನದಲ್ಲಿ, ನಡೆಯಬಲ್ಲವರೂ ತಮ್ಮ ಸಮಯದ ಸುಮಾರು ಶೇ. 83 ಭಾಗವನ್ನು ಮಲಗಿಯೇ ಕಳೆದಿದ್ದರು. ಮಲಗಿರಿ ಎಂದು ವೈದ್ಯರು ಹೇಳಿದ್ದರಿಂದಲೇ ಹೀಗಾಗುತ್ತದೆ ಎನ್ನುವಂತಿಲ್ಲ. ಏಳಿ ಎಂದು ಹೇಳುವವರು ಯಾರೂ ಇಲ್ಲದಿದ್ದರೂ ಇಷ್ಟೇ ಆಗುತ್ತದೆ.

ದಾಖಲಾದ ದಿನ ನಾವು ಏನನ್ನು ಹೇಳಿದರೆ ಉಪಯೋಗ?

ಕಾಯಿಲೆ ಶುರುವಾಗುವ ಸುಮಾರು ಎರಡು ವಾರ ಮೊದಲು ಅವರು ಹೇಗಿದ್ದರು ಎಂಬುದನ್ನು ಹೇಳಿ. ಇಡೀ ಮೌಲ್ಯಮಾಪನ ನಿಂತಿರುವುದು ಈ ಒಂದು ಅಳತೆಗಲ್ಲಿನ ಮೇಲೆ. ಮಂಚದಲ್ಲಿ ಸುಸ್ತಾಗಿ ಮಲಗಿದ ಎಂಬತ್ತರ ಅಜ್ಜನನ್ನು ಕಂಡ ಹೊಸ ನರ್ಸಿಗೆ, ಅವರು ಕಳೆದ ತಿಂಗಳು ಅಡಕೆ ತೋಟಕ್ಕೆ ತಾವೇ ಇಳಿದು ನೀರು ಬಿಡುತ್ತಿದ್ದರೋ ಅಥವಾ ಒಂದು ವರ್ಷದಿಂದ ಮಂಚದಲ್ಲೇ ಇದ್ದರೋ ಎಂದು ತಿಳಿಯುವ ದಾರಿಯಿಲ್ಲ. ಮೊದಲನೆಯವರಾದರೆ ಅವರು ಕಳೆದುಕೊಂಡದ್ದು ಬಹಳ, ಮರಳಿ ಪಡೆಯುವ ಸಾಧ್ಯತೆಯೂ ಬಹಳ. ಎರಡನೆಯವರಾದರೆ ಗುರಿಯೇ ಬೇರೆ.

ಹೇಳುವಾಗ "ಆರಾಮವಾಗಿದ್ದರು" ಎಂದು ಮುಗಿಸದೆ ವಿವರ ಕೊಡಿ. ಬೆಳಿಗ್ಗೆ ಯಾರ ಸಹಾಯವೂ ಇಲ್ಲದೆ ಏಳುತ್ತಿದ್ದರೇ? ಬಚ್ಚಲು ಮನೆಯ ಒಳಗೋ ಹೊರಗೋ, ರಾತ್ರಿ ಅಲ್ಲಿಗೆ ಒಬ್ಬರೇ ಹೋಗುತ್ತಿದ್ದರೇ? ಮುಂಡು ಅಥವಾ ಸೀರೆ ಉಡಲು ಯಾರಾದರೂ ನೆರವಾಗಬೇಕಿತ್ತೇ? ತಮ್ಮ ಮಾತ್ರೆಗಳನ್ನು ತಾವೇ ತೆಗೆದುಕೊಳ್ಳುತ್ತಿದ್ದರೇ, ಬಸ್ಸು ಹತ್ತಿ ಬದಿಯಡ್ಕ ಪೇಟೆಗೋ ಕುಂಬಳೆಗೋ ಹೋಗಿ ಬರುತ್ತಿದ್ದರೇ, ಹಣದ ಲೆಕ್ಕ ಅವರ ಕೈಯಲ್ಲೇ ಇತ್ತೇ? ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದರೇ, ಬಿದ್ದದ್ದು ಎಲ್ಲಿ? ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು, ಊರುಗೋಲು ಇದ್ದರೆ ಅವನ್ನು ಮೊದಲ ದಿನವೇ ಮನೆಯಿಂದ ತರಿಸಿ. ಕಳೆದುಹೋದೀತು ಎಂದು ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬಂದ ಮೇಲೆ ಅಜ್ಜಿಗೆ ನಡೆಯಲು ಭಯವಾಗುತ್ತದೆ ಎಂದರೆ, ಆ ಭಯ ಕಾಲಿನದ್ದೋ ಕಣ್ಣಿನದ್ದೋ ಎಂದು ನಾವು ಹೇಗೆ ತಿಳಿಯಬೇಕು?

ಫೈಲಿನಲ್ಲಿ "ಬಾರ್ಥೆಲ್ 45" ಎಂದು ಬರೆದಿದ್ದಾರೆ. ಹಾಗೆಂದರೇನು?

1965ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಅಳತೆ ಇದು. ಊಟ, ಸ್ನಾನ, ಮುಖ ತೊಳೆದು ತಲೆ ಬಾಚಿಕೊಳ್ಳುವುದು, ಬಟ್ಟೆ ಹಾಕಿಕೊಳ್ಳುವುದು, ಮಲದ ಹಿಡಿತ, ಮೂತ್ರದ ಹಿಡಿತ, ಶೌಚಾಲಯದ ಬಳಕೆ, ಮಂಚದಿಂದ ಕುರ್ಚಿಗೆ ಬರುವುದು, ಸಮತಟ್ಟು ನೆಲದಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು ಎಂಬ ಹತ್ತು ವಿಷಯಗಳಿಗೆ ಅಂಕ ಕೊಟ್ಟು, ಒಟ್ಟು 100ಕ್ಕೆ ಲೆಕ್ಕ ಹಾಕುತ್ತಾರೆ. ಮಂಚದಿಂದ ಕುರ್ಚಿಗೆ ಬರುವುದಕ್ಕೂ ನಡಿಗೆಗೂ ತಲಾ 15 ಅಂಕ, ಸ್ನಾನಕ್ಕೂ ಮುಖ ತೊಳೆದು ತಲೆ ಬಾಚಿಕೊಳ್ಳುವುದಕ್ಕೂ ತಲಾ 5, ಉಳಿದವಕ್ಕೆ ತಲಾ 10.

ಒಟ್ಟು ಅಂಕಕ್ಕಿಂತ ಅದು ಎಲ್ಲಿ ಕಡಿಮೆಯಾಯಿತು ಎಂಬುದನ್ನು ಕೇಳಿ. ಮೂತ್ರದ ಹಿಡಿತ ತಪ್ಪಿ ಅಂಕ ಹೋದವರಿಗೂ ಕಾಲಿನ ಬಲ ಇಲ್ಲದೆ ಅಂಕ ಹೋದವರಿಗೂ ಬೇಕಾದ ಸಹಾಯ ಬೇರೆ. ಹಾಗೆಯೇ ಕಾಯಿಲೆಗೆ ಮೊದಲಿನ ಅಂಕ, ದಾಖಲಾದ ದಿನದ ಅಂಕ, ಬಿಡುಗಡೆಯ ದಿನದ ಅಂಕ ಎಂಬ ಮೂರನ್ನು ಅಕ್ಕಪಕ್ಕ ಬರೆದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಸಂತೋಷದ ವಿಷಯವೆಂದರೆ ಮೊದಲಿನ ಅಂಕವನ್ನು ಮನೆಯವರ ಮಾತಿನಿಂದಲೇ ಲೆಕ್ಕ ಹಾಕಬಹುದು.

ಇಂತಹ ಪಟ್ಟಿಗಳು ನಮ್ಮ ಮನೆಗಳಿಗೆ ಹೊಂದುತ್ತವೆಯೇ?

ಪೂರ್ತಿಯಾಗಿ ಹೊಂದುವುದಿಲ್ಲ. ಈ ಪಟ್ಟಿಗಳನ್ನು ಮಾಡಿದವರ ಕಣ್ಣ ಮುಂದಿದ್ದದ್ದು ಮಂಚ, ಕುರ್ಚಿ, ಕಮೋಡು ಇರುವ ಮನೆ. ನಮ್ಮ ಹಿರಿಯರಲ್ಲಿ ಅನೇಕರು ನೆಲದಲ್ಲಿ ಮಣೆ ಹಾಕಿ ಉಣ್ಣುತ್ತಾರೆ, ಚಾಪೆಯ ಮೇಲೆ ಮಲಗುತ್ತಾರೆ, ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಬಳಸುತ್ತಾರೆ. ಕುರ್ಚಿಯಿಂದ ಸಲೀಸಾಗಿ ಏಳುವವರು ನೆಲದಿಂದ ಏಳಲಾರದೆ ಹೋಗಬಹುದು. ಬಾರ್ಥೆಲ್ ಪಟ್ಟಿಯಲ್ಲಿ ಅವರಿಗೆ ಪೂರ್ಣಾಂಕ ಸಿಕ್ಕಿದ್ದರೂ ಮನೆಯಲ್ಲಿ ಊಟಕ್ಕೆ ಕುಳಿತವರನ್ನು ಇಬ್ಬರು ಎಬ್ಬಿಸಬೇಕಾದೀತು.

ಮನೆಯ ಸುತ್ತಲಿನ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೆರ್ಲ, ಎಣ್ಮಕಜೆ, ಪೈವಳಿಕೆ, ಮುಳ್ಳೇರಿಯದ ಕಡೆಯ ಮನೆಗಳು ಗುಡ್ಡೆಯ ಇಳಿಜಾರಿನಲ್ಲಿವೆ. ರಸ್ತೆಯಿಂದ ಮನೆಗೆ ದರೆ ಕಡಿದು ಮಾಡಿದ ಮೆಟ್ಟಿಲು, ಎರಡೂ ಕಡೆ ಹಿಡಿಯಲು ಏನೂ ಇಲ್ಲ, ಒಂದೊಂದು ಮೆಟ್ಟಿಲಿನ ಎತ್ತರ ಒಂದೊಂದು ಬಗೆ. ಕೆಲವು ಕಡೆ ತೋಡು ದಾಟಲು ಸಂಕ. ಆಟಿ ತಿಂಗಳ ಮಳೆಗೆ ಅಂಗಳ ಪಾಚಿಗಟ್ಟಿರುತ್ತದೆ. ಹಳೆಯ ಮನೆಗಳ ಹೊಸ್ತಿಲು ಮೊಣಕಾಲಿನ ಅರ್ಧದವರೆಗೆ ಎತ್ತರ. ಆಸ್ಪತ್ರೆಯ ನುಣುಪಾದ ಕಾರಿಡಾರಿನಲ್ಲಿ ಇಪ್ಪತ್ತು ಹೆಜ್ಜೆ ನಡೆದದ್ದನ್ನು ನೋಡಿ "ನಡೆಯುತ್ತಾರೆ" ಎಂದು ಬರೆಯುವವರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಆದುದರಿಂದ ನಾನು ಮನೆಯವರಲ್ಲಿ ಕೇಳಿಕೊಳ್ಳುವುದು ಇಷ್ಟು: ಮನೆಯ ಮೆಟ್ಟಿಲು, ಬಚ್ಚಲು, ಹೊಸ್ತಿಲು, ಮಲಗುವ ಜಾಗ, ಇವುಗಳ ಫೋಟೋ ತೆಗೆದು ಮೊಬೈಲಿನಲ್ಲಿ ತನ್ನಿ. ಎರಡು ನಿಮಿಷದ ಆ ಫೋಟೋಗಳನ್ನು ನೋಡಿದ ಮೇಲೆ, ಬಿಡುಗಡೆಗೆ ಮುಂಚೆ ಏನನ್ನು ಅಭ್ಯಾಸ ಮಾಡಿಸಬೇಕು ಎಂಬುದು ನಮಗೆ ತಾನಾಗಿ ತಿಳಿಯುತ್ತದೆ.

ಕುರ್ಚಿಯಿಂದ ಎಬ್ಬಿಸಿ, ನಡೆಸಿ, ಗಡಿಯಾರ ನೋಡುತ್ತಾರೆ. ಅದರಿಂದ ಏನು ತಿಳಿಯುತ್ತದೆ?

ಅದರ ಹೆಸರು ಟೈಮ್ಡ್ ಅಪ್ ಆ್ಯಂಡ್ ಗೋ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡುತ್ತಾರೆ. ನಿತ್ಯ ಬಳಸುವ ಕೋಲು ಅಥವಾ ವಾಕರ್ ಹಿಡಿದೇ ನಡೆಯಬಹುದು, ಅವಸರ ಬೇಡ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಎಣಿಸುತ್ತಾರೆ. ಸೆಕೆಂಡಿನಷ್ಟೇ ಮುಖ್ಯವಾದದ್ದು ಕಣ್ಣಿಗೆ ಕಾಣುವ ಸಂಗತಿಗಳು: ಕೈ ಊರದೆ ಏಳಲು ಆಯಿತೇ, ತಿರುಗುವಾಗ ಎಷ್ಟು ಸಣ್ಣ ಹೆಜ್ಜೆ ಇಟ್ಟರು, ಕೂರುವಾಗ ದೊಪ್ಪನೆ ಕುಸಿದರೇ.

ಇನ್ನೊಂದು ಪರೀಕ್ಷೆಯಲ್ಲಿ ಮೂರು ಭಾಗಗಳಿವೆ. ಪಾದಗಳನ್ನು ಮೂರು ಬಗೆಯಲ್ಲಿ ಇಟ್ಟು ಹತ್ತು ಹತ್ತು ಸೆಕೆಂಡು ನಿಲ್ಲುವುದು, ನಾಲ್ಕು ಮೀಟರ್ ನಡೆಯುವುದು, ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. ಒಟ್ಟು ಅಂಕ 12. ನಾಲ್ಕು ಮೀಟರ್ ನಡೆಯಲು ಐದು ಸೆಕೆಂಡು ಬೇಕಾದರೆ ವೇಗ ಸೆಕೆಂಡಿಗೆ 0.8 ಮೀಟರ್ ಎಂದಾಯಿತು. ಏಷ್ಯಾದ ಜನರಿಗಾಗಿ 2019ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಸೆಕೆಂಡಿಗೆ ಒಂದು ಮೀಟರಿಗಿಂತ ನಿಧಾನವಾಗಿ ನಡೆಯುವವರ ಸಾಮರ್ಥ್ಯ ಕುಂದಿದೆ ಎಂದು ಲೆಕ್ಕ. ಕೈಯ ಹಿಡಿತದ ಬಲ ಗಂಡಸರಲ್ಲಿ 28 ಕಿಲೋಗಿಂತ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ ಮಾಂಸಖಂಡದ ಬಲ ಕಡಿಮೆಯಾಗಿದೆ ಎಂದು ಅದೇ ಮಾನದಂಡ ಹೇಳುತ್ತದೆ. ಹಿಡಿತ ಅಳೆಯುವ ಯಂತ್ರ ಇಲ್ಲದಿದ್ದರೆ ಚಿಂತೆಯಿಲ್ಲ; ಒಂದು ಕುರ್ಚಿ, ನೆಲದ ಮೇಲೆ ಸುಣ್ಣದ ಗೆರೆ, ಮೊಬೈಲಿನ ಗಡಿಯಾರ, ಇಷ್ಟಿದ್ದರೆ ನಮ್ಮ ಅರ್ಧ ಕೆಲಸ ಆಗುತ್ತದೆ.

ಎದ್ದು ನಿಲ್ಲಲೂ ಆಗದವರನ್ನು ಹೇಗೆ ಪರೀಕ್ಷಿಸುತ್ತೀರಿ?

ಮಂಚದಲ್ಲೇ. ಮಗ್ಗುಲಾಗಲು ಆಗುತ್ತದೆಯೇ, ಸೊಂಟ ಎತ್ತಲು ಆಗುತ್ತದೆಯೇ, ಮಂಚದ ಅಂಚಿನಲ್ಲಿ ಆಧಾರವಿಲ್ಲದೆ ಕೂರುತ್ತಾರೆಯೇ ಎಂದು ನೋಡುತ್ತೇವೆ. ಡೆಮ್ಮಿ ಎಂಬ ಹದಿನೈದು ಅಂಶಗಳ ಅಳತೆಯನ್ನು ಆಸ್ಟ್ರೇಲಿಯಾದಲ್ಲಿ ಆಸ್ಪತ್ರೆಯ ಹಿರಿಯರಿಗಾಗಿಯೇ ರೂಪಿಸಿದ್ದಾರೆ. ಅದು ಮಂಚದಲ್ಲಿ ಹೊರಳುವುದರಿಂದ ಹಿಡಿದು ಜಿಗಿಯುವುದರ ತನಕ ಎಲ್ಲವನ್ನೂ ಒಳಗೊಳ್ಳುತ್ತದೆ. ನಿನ್ನೆ ಇಬ್ಬರು ಹಿಡಿದು ಕೂರಿಸಿದವರು ಇಂದು ಒಬ್ಬರ ಸಹಾಯದಲ್ಲಿ ಕೂತರೆ ಅದನ್ನು ಬರೆದಿಡಬೇಕಾದ ಪ್ರಗತಿ ಎಂದೇ ತಿಳಿಯಿರಿ.

ಅಮ್ಮನಿಗೆ ಮಲಯಾಳ ಬಾರದು. "ರೋಗಿಗೆ ಗೊಂದಲವಿದೆ" ಎಂದು ಬರೆದಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಏನು ಮಾಡಬೇಕು?

ನಿಮ್ಮ ಮಾತು ನಿಜವಿರಬಹುದು, ಆದ್ದರಿಂದ ಧೈರ್ಯವಾಗಿ ಹೇಳಿ. ನಮ್ಮ ಜಿಲ್ಲೆಯ ಒಂದೇ ವಾರ್ಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಕರಾಡ ಮರಾಠಿ, ಬ್ಯಾರಿ ಮಾತು, ಉರ್ದು ಎಲ್ಲವೂ ಕೇಳಿಬರುತ್ತವೆ. ತೆಂಕಣ ಜಿಲ್ಲೆಗಳಿಂದ ಬಂದ ಎಳೆಯ ವೈದ್ಯರೂ ನರ್ಸುಗಳೂ ಒಳ್ಳೆಯ ಮನಸ್ಸಿನಿಂದಲೇ ಮಲಯಾಳದಲ್ಲಿ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಹವ್ಯಕ ಕನ್ನಡವನ್ನೋ ತುಳುವನ್ನೋ ಬಿಟ್ಟು ಬೇರೆ ಆಡಿ ಅಭ್ಯಾಸವಿಲ್ಲದ ಅಜ್ಜಿ ಸುಮ್ಮನೆ ನೋಡುತ್ತಾರೆ, ಇಲ್ಲವೇ ಸಂಕೋಚದಿಂದ ತಲೆಯಾಡಿಸುತ್ತಾರೆ. ಇಂದು ಯಾವ ವಾರ, ಇದು ಯಾವ ತಿಂಗಳು ಎಂಬ ಪ್ರಶ್ನೆಗೂ ಸೋಣ, ಕನ್ಯಾ ಎಂದು ಲೆಕ್ಕ ಇಡುವವರಿಂದ ಇಂಗ್ಲಿಷ್ ತಿಂಗಳ ಹೆಸರು ನಿರೀಕ್ಷಿಸುವುದು ಸರಿಯಲ್ಲ. ನೋವಿನ ಅಳತೆಯೂ ಹೀಗೆಯೇ. "ಸೆಳೆತ", "ಚುಚ್ಚುವುದು", "ಜೋಮು", "ಕಡಿತ" ಇವುಗಳ ವ್ಯತ್ಯಾಸ ಭಾಷಾಂತರದಲ್ಲಿ ಕಳೆದುಹೋದರೆ ಕಾಲಿನ ತೊಂದರೆ ನರದ್ದೋ ಗಂಟಿನದ್ದೋ ಎಂಬ ಸುಳಿವೂ ಕಳೆದುಹೋಗುತ್ತದೆ. ರೋಗಿಯ ಮಾತಿನಲ್ಲೇ ಇನ್ನೊಮ್ಮೆ ಕೇಳಿಸಿ ಎಂದು ಕೋರುವುದು ನಿಮ್ಮ ಹಕ್ಕಿನ ವಿಷಯ. ನೀವು ಭಾಷಾಂತರ ಮಾಡುವುದಾದರೆ, ಅಮ್ಮ ಹೇಳಿದ್ದನ್ನಷ್ಟೇ ಹೇಳಿ. ಅವರ ಪರವಾಗಿ ಉತ್ತರ ಕೊಡಬೇಡಿ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಡೆಲೀರಿಯಂ ಎಂಬ ಹಠಾತ್ ಗೊಂದಲ ಹಿರಿಯರಲ್ಲಿ ಬಹಳ ಸಾಮಾನ್ಯ, ಮತ್ತು ಅದನ್ನು ಮೊದಲು ಗುರುತಿಸುವವರು ಮನೆಯವರೇ. ಮಾತು ನಿನ್ನೆಗಿಂತ ಇಂದು ಅಸಂಬದ್ಧವಾಗಿದೆ, ಗಮನ ಒಂದೆಡೆ ನಿಲ್ಲುವುದಿಲ್ಲ, ಬೆಳಿಗ್ಗೆ ಸರಿಯಿದ್ದು ಸಂಜೆಗೆ ಬದಲಾಗುತ್ತಾರೆ ಎಂದರೆ ಕೂಡಲೇ ತಿಳಿಸಿ. ಕೂಗಾಡುವವರಲ್ಲಿ ಇದು ಬೇಗ ಗೊತ್ತಾಗುತ್ತದೆ. ಮೌನವಾಗಿ, ಮಂಕಾಗಿ ಮಲಗಿರುವವರಲ್ಲಿ "ಪಾಪ, ನಿದ್ದೆ ಮಾಡುತ್ತಿದ್ದಾರೆ" ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಸೋಂಕು, ಮೂತ್ರ ಕಟ್ಟಿಕೊಂಡಿರುವುದು, ಮಲಬದ್ಧತೆ, ನೋವು, ಹೊಸ ಮಾತ್ರೆ, ನೀರಿನಂಶ ಕಡಿಮೆಯಾಗಿರುವುದು, ಇವುಗಳಲ್ಲಿ ಯಾವುದೂ ಕಾರಣವಿರಬಹುದು. ಗೊಂದಲ ಇರುವಾಗ ತೆಗೆದ ನಡಿಗೆಯ ಅಳತೆಯನ್ನು ಅಂತಿಮವೆಂದು ತಿಳಿಯದೆ ಗೊಂದಲ ತಿಳಿಯಾದ ಮೇಲೆ ಮತ್ತೆ ಅಳೆಯಬೇಕು.

ಬಿದ್ದರೆ ಎಂಬ ಭಯಕ್ಕೆ ನಾವು ಅವರನ್ನು ಮಂಚದಿಂದ ಇಳಿಸುವುದೇ ಇಲ್ಲ. ತಪ್ಪೇ?

ನಿಮ್ಮ ಭಯ ಪ್ರೀತಿಯಿಂದ ಬಂದದ್ದು. ಆದರೆ ಇಳಿಸದೆ ಇಟ್ಟಷ್ಟು ದಿನವೂ ಕಾಲು ಸೋಲುತ್ತದೆ, ಕೊನೆಗೆ ಇಳಿದ ದಿನ ಬೀಳುವ ಸಂಭವ ಹೆಚ್ಚುತ್ತದೆ. ಇಸ್ರೇಲಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ದಿನಕ್ಕೆ 900 ಹೆಜ್ಜೆಗಿಂತ ಕಡಿಮೆ ನಡೆದ ಹಿರಿಯರಲ್ಲಿ ಸಾಮರ್ಥ್ಯ ಕುಂದಿದ್ದು ಹೆಚ್ಚಾಗಿ ಕಂಡುಬಂದಿತ್ತು. ವಾರ್ಡಿನಿಂದ ಶೌಚಾಲಯಕ್ಕೆ ನಾಲ್ಕಾರು ಸಲ, ಕಿಟಕಿಯ ತನಕ ಎರಡು ಸಲ, ಊಟಕ್ಕೆ ಪ್ರತಿ ಸಲವೂ ಮಂಚ ಬಿಟ್ಟು ಕುರ್ಚಿಗೆ. ಇಷ್ಟರಿಂದಲೇ ಹೆಜ್ಜೆಗಳು ಸಾಕಷ್ಟು ಕೂಡುತ್ತವೆ.

ಮೊದಲ ಸಲ ಎಬ್ಬಿಸುವಾಗ ರಕ್ತದೊತ್ತಡವನ್ನು ಮಲಗಿದಾಗಲೂ, ನಿಂತ ಮೂರು ನಿಮಿಷದೊಳಗೂ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನ ಸಂಖ್ಯೆ 10 ಇಳಿದರೆ ತಲೆ ತಿರುಗುವ ಕಾರಣ ಸಿಕ್ಕಿತು, ಮಾತ್ರೆಗಳನ್ನು ಮರುಪರಿಶೀಲಿಸಬೇಕಾಗುತ್ತದೆ. ಮೂತ್ರದ ನಳಿಕೆ ಇನ್ನೂ ಬೇಕೇ ಎಂದು ಪ್ರತಿದಿನ ಕೇಳಿ. ಅಗತ್ಯ ಮುಗಿದ ಮೇಲೂ ಉಳಿದ ನಳಿಕೆ ಸೋಂಕಿಗೆ ದಾರಿ ಮಾಡುವುದಲ್ಲದೆ ರೋಗಿಯನ್ನು ಮಂಚಕ್ಕೆ ಕಟ್ಟಿಹಾಕಿದ ಹಗ್ಗವೂ ಆಗುತ್ತದೆ. ಕಾಲಿಗೆ ಹಿಡಿತವಿರುವ ಚಪ್ಪಲಿ ಇರಲಿ. ಮುಂಡು ಪಾದಕ್ಕೆ ಸಿಕ್ಕದಂತೆ ಎತ್ತಿ ಕಟ್ಟಿರಲಿ.

ಯಾವಾಗ ಎಬ್ಬಿಸಬಾರದು?

ಎದೆನೋವು, ಕುಳಿತಲ್ಲೇ ಏದುಸಿರು, ಹೊಸದಾಗಿ ಕೈಕಾಲಿನ ಬಲ ಕುಂದಿರುವುದು, ಇನ್ನೂ ಸರಿಪಡಿಸದ ಎಲುಬಿನ ಮುರಿತ, ಚಿಕಿತ್ಸೆ ಆರಂಭವಾಗದ ಕಾಲಿನ ರಕ್ತಗಡ್ಡೆ, ಒಂದೇ ಕಾಲಿನಲ್ಲಿ ಹಠಾತ್ ಊತ. ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕೇಳಿ.

ಸೊಂಟದ ಎಲುಬಿನ ಶಸ್ತ್ರಚಿಕಿತ್ಸೆ ಆದವರಿಗೂ ಪಾರ್ಶ್ವವಾಯು ಬಂದವರಿಗೂ ಇದೇ ಕ್ರಮವೇ?

ಸೊಂಟದ ಎಲುಬಿನ ಶಸ್ತ್ರಚಿಕಿತ್ಸೆಯಾದವರನ್ನು, ಬೇರೆ ಅಡ್ಡಿಯಿಲ್ಲದಿದ್ದರೆ, ಮರುದಿನವೇ ಎಬ್ಬಿಸಬೇಕು ಎಂಬುದು ಈಗ ಒಪ್ಪಿತ ಕ್ರಮ. ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದನ್ನು ಶಸ್ತ್ರವೈದ್ಯರಿಂದ ಬರೆಸಿಕೊಳ್ಳಿ. ಕೀಲು ಬದಲಿಸಿದ್ದಾದರೆ ಕುಕ್ಕರಗಾಲಿನಲ್ಲಿ ಕೂರುವುದಕ್ಕೆ ಸಾಮಾನ್ಯವಾಗಿ ನಿಷೇಧವಿರುತ್ತದೆ, ಆದುದರಿಂದ ರೋಗಿ ಮನೆಗೆ ಬರುವ ಮೊದಲೇ ಕಮೋಡ್ ಕುರ್ಚಿ ಬರಬೇಕು.

ಪಾರ್ಶ್ವವಾಯುವಿನ ವಿಷಯದಲ್ಲಿ ಆತುರ ಸಲ್ಲದು. 2015ರಲ್ಲಿ ಪ್ರಕಟವಾದ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೆಚ್ಚು ಹೊತ್ತು ಅಭ್ಯಾಸ ಮಾಡಿಸಿದವರ ಫಲಿತಾಂಶ ಸ್ವಲ್ಪ ಕಡಿಮೆಯೇ ಆಗಿತ್ತು. ಸ್ವಲ್ಪ ಸ್ವಲ್ಪ ಹೊತ್ತು, ಹಲವು ಸಲ ಎಂಬುದು ಅಲ್ಲಿಂದ ಬಂದ ತಿಳಿವಳಿಕೆ. ನುಂಗುವ ಶಕ್ತಿಯನ್ನು ಪರೀಕ್ಷಿಸುವ ಮೊದಲು ಬಾಯಿಗೆ ನೀರನ್ನೂ ಹಾಕಬೇಡಿ.

ಅಜ್ಜನಿಗೆ ಪ್ರಾಯ 86. ಈ ಪ್ರಾಯದಲ್ಲಿ ವ್ಯಾಯಾಮದಿಂದ ಏನಾದರೂ ಪ್ರಯೋಜನವಿದೆಯೇ?

ಇದೆ, ಮತ್ತು ಈ ಪ್ರಶ್ನೆಗೆ ಇಷ್ಟು ಖಚಿತವಾಗಿ ಉತ್ತರಿಸಲು ಸಾಧ್ಯವಾಗಿರುವುದು ನನಗೆ ಬಹಳ ನೆಮ್ಮದಿ ಕೊಟ್ಟ ಸಂಗತಿ. ಸ್ಪೇನ್ ದೇಶದ ಪಾಂಪ್ಲೋನಾದಲ್ಲಿ 75 ದಾಟಿದ 370 ಮಂದಿ ಒಳರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅರ್ಧದಷ್ಟು ಮಂದಿಗೆ ಸುಮಾರು ಒಂದು ವಾರದ ಮಟ್ಟಿಗೆ ದಿನಕ್ಕೆ ಎರಡು ಸಲ, ಸಲಕ್ಕೆ ಇಪ್ಪತ್ತು ನಿಮಿಷದಂತೆ ಬಲ, ಸಮತೋಲ, ನಡಿಗೆಯ ವ್ಯಾಯಾಮ ಮಾಡಿಸಿದರು. ಮೇಲೆ ಹೇಳಿದ 12 ಅಂಕದ ಪರೀಕ್ಷೆಯಲ್ಲಿ ಅವರಿಗೆ ಉಳಿದವರಿಗಿಂತ 2.2 ಅಂಕ, ಬಾರ್ಥೆಲ್ ಅಳತೆಯಲ್ಲಿ 6.9 ಅಂಕ ಹೆಚ್ಚು ಬಂತು. ಪ್ರಾಯವೊಂದನ್ನೇ ನೋಡಿ ಪುನಶ್ಚೇತನ ಬೇಡವೆನ್ನುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ನಾವು ನೋಡಬೇಕಾದದ್ದು ಒಟ್ಟು ನಿತ್ರಾಣದ ಮಟ್ಟ. ಅದನ್ನು ಅಳೆಯಲು ಒಂದರಿಂದ ಒಂಬತ್ತರ ತನಕ ಮೆಟ್ಟಿಲು ಮೆಟ್ಟಿಲಾಗಿ ಗುರುತಿಸುವ ಬೇರೆಯೇ ಮಾಪಕವಿದೆ.

ಗಂಜಿ ಮಾತ್ರ ಸೇರುತ್ತದೆ. ಸಾಕೇ?

ಗಂಜಿ ಹೊಟ್ಟೆಗೆ ಹಿತ, ಆದರೆ ಅದರಲ್ಲಿ ಪ್ರೊಟೀನ್ ಬಹಳ ಕಡಿಮೆ. ಕಾಯಿಲೆಯಿಂದ ಚೇತರಿಸುತ್ತಿರುವ ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. 50 ಕಿಲೋ ತೂಕದವರಿಗೆ 60ರಿಂದ 75 ಗ್ರಾಂ ಎಂದಾಯಿತು. ಗಂಜಿಯೊಂದಿಗೆ ಬೇಯಿಸಿದ ಹೆಸರು, ಮೊಸರು, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು ಕೊಡಿ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಯಾರಿಗೆ ಎಷ್ಟು ಪುನಶ್ಚೇತನ ಬೇಕೆಂದು ಹೇಗೆ ತೀರ್ಮಾನಿಸುತ್ತಾರೆ?

ಮೊದಲಿನ ಸ್ಥಿತಿಗೂ ಈಗಿನ ಸ್ಥಿತಿಗೂ ಇರುವ ಅಂತರವನ್ನು ಮೊದಲು ನೋಡುತ್ತೇವೆ. ಆ ಬಳಿಕ, ಕಾಯಿಲೆ ಹತೋಟಿಗೆ ಬಂದಿದೆಯೇ, ಹೇಳಿದ್ದನ್ನು ಅನುಸರಿಸುವ ಎಚ್ಚರ ಇದೆಯೇ, ದಿನಕ್ಕೆ ಎಷ್ಟು ಹೊತ್ತು ಆಯಾಸವಾಗದೆ ಅಭ್ಯಾಸ ಮಾಡಬಲ್ಲರು, ಮನೆಯಲ್ಲಿ ಹಗಲು ಯಾರಿದ್ದಾರೆ ಎಂಬುದನ್ನು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ 78ರ ಅಜ್ಜಿಯೇ 84ರ ಅಜ್ಜನನ್ನು ಎತ್ತಿ ಕೂರಿಸಬೇಕು. ಹಾಗಿದ್ದಾಗ ಅಜ್ಜಿಯ ಬೆನ್ನು, ಮೊಣಕಾಲನ್ನೂ ವಿಚಾರಿಸದೆ ಮಾಡಿದ ಮೌಲ್ಯಮಾಪನ ಅರ್ಧದ್ದು.

ಅಂತರ ಸಣ್ಣದಿದ್ದರೆ ಮನೆಯಲ್ಲೇ ಮಾಡುವ ವ್ಯಾಯಾಮ ಸಾಕು. ನಡೆಯಬಲ್ಲರು, ಆದರೆ ಬಲ ಸಾಲದು ಎಂದಾದರೆ ವಾರಕ್ಕೆ ಎರಡು ಮೂರು ಸಲ ಹೊರರೋಗಿಯಾಗಿ ಬರಬಹುದು; ಹೊರಬರಲಾಗದವರಿಗೆ ಮನೆಗೆ ಹೋಗಿ ಮಾಡಿಸಬೇಕು. ಪಾರ್ಶ್ವವಾಯು, ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ ಅಂತರ ದೊಡ್ಡದಿದ್ದು ಚೇತರಿಕೆಯ ಸಾಧ್ಯತೆಯೂ ಇದ್ದರೆ ಕೆಲವು ವಾರ ಒಳರೋಗಿಯಾಗಿಯೇ ಪುನಶ್ಚೇತನ ಪಡೆಯುವುದು ಒಳ್ಳೆಯದು. ಗುರಿಯನ್ನು ರೋಗಿಯ ಬಾಯಿಂದಲೇ ಕೇಳಬೇಕು. "ಸ್ನಾಯುಬಲ ಹೆಚ್ಚಿಸುವುದು" ಎಂದು ನಾವು ಬರೆಯುತ್ತೇವೆ. "ದೇವರ ಕೋಣೆಯ ತನಕ ನಾನೇ ಹೋಗಿ ದೀಪ ಹಚ್ಚಬೇಕು" ಎಂದು ಒಬ್ಬ ಅಜ್ಜಿ ನನಗೆ ಹೇಳಿದ್ದರು. ಹನ್ನೊಂದು ಹೆಜ್ಜೆ, ಒಂದು ಹೊಸ್ತಿಲು ಎಂದು ಲೆಕ್ಕ ಹಾಕಿ ಅಷ್ಟನ್ನೇ ಅಭ್ಯಾಸ ಮಾಡಿಸಿದೆವು.

ಬಿಡುಗಡೆಯ ದಿನ ಏನೇನು ಕೇಳಿ ಬರೆಸಿಕೊಳ್ಳಬೇಕು?

ಬಿಡುಗಡೆಯ ದಿನ ಕೇಳಿದರೆ ತಡವಾಯಿತು. ಎರಡು ದಿನ ಮುಂಚೆಯೇ ಕೇಳಿ. ಅವರು ನಮ್ಮೆದುರು ಮೆಟ್ಟಿಲು ಹತ್ತಿ ಇಳಿದು ತೋರಿಸಲಿ. ಮಂಚದಿಂದ ಎಬ್ಬಿಸುವ ಕ್ರಮವನ್ನು ನೀವು ನಮ್ಮೆದುರು ಒಮ್ಮೆ ಮಾಡಿ. ಇಂದಿನ ಸಾಮರ್ಥ್ಯ, ಮಾಡಬೇಕಾದ ವ್ಯಾಯಾಮ, ಮಾಡಬಾರದ ಚಲನೆ, ಮತ್ತೆ ಯಾವಾಗ ಅಳೆಯಬೇಕು ಎಂಬುದು ಬಿಡುಗಡೆಯ ಪತ್ರದಲ್ಲಿರಲಿ.

ಮಂಜೇಶ್ವರ, ಕಾಸರಗೋಡು ತಾಲೂಕಿನವರಿಗೆ ಇದು ಇನ್ನಷ್ಟು ಮುಖ್ಯ. ನಮ್ಮಲ್ಲಿ ಅನೇಕರು ಚಿಕಿತ್ಸೆಗೆ ಹೋಗುವುದು ಮಂಗಳೂರಿಗೆ. ಮುಂದಿನ ಆರೈಕೆ ನಡೆಯುವುದು ಊರಿನ ಆರೋಗ್ಯ ಕೇಂದ್ರದಲ್ಲಿ. ಅಲ್ಲಿನವರು ಅಳೆದದ್ದು ಇಲ್ಲಿನವರಿಗೆ ತಲುಪುವ ದಾರಿ ಆ ಪತ್ರವೊಂದೇ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮುಂದಿನ ಭೇಟಿಯೆಲ್ಲ ಮಂಗಳೂರಿನಲ್ಲೇ ಎಂದು ನಂಬಿದ್ದ ರೋಗಿಗಳು ಪಟ್ಟ ಪಾಡನ್ನು ನಾವು ಮರೆಯುವಂತಿಲ್ಲ. ಆದ್ದರಿಂದ ಮುಂದಿನ ಅಭ್ಯಾಸಕ್ಕೆ ಗಡಿಯ ಈಚೆ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮನೆಗೆ ಬಂದು ನೋಡುವವರು ಇದ್ದಾರೆಯೇ?

ಕೇರಳ ಸರಕಾರ 2008ರಲ್ಲಿ ಪ್ಯಾಲಿಯೇಟಿವ್ ಆರೈಕೆಯ, ಅಂದರೆ ದೀರ್ಘ ಕಾಯಿಲೆಯವರ ನೋವು, ತೊಂದರೆಗಳನ್ನು ಕಡಿಮೆ ಮಾಡುವ ಆರೈಕೆಯ, ನೀತಿಯನ್ನು ಜಾರಿಗೆ ತಂದ ಮೇಲೆ ಗ್ರಾಮ ಪಂಚಾಯತುಗಳ ಮಟ್ಟದಲ್ಲಿ ಮನೆಭೇಟಿಯ ವ್ಯವಸ್ಥೆ ಬೆಳೆದಿದೆ. ಪ್ಯಾಲಿಯೇಟಿವ್ ಎಂಬ ಹೆಸರು ಕೇಳಿ "ನಮ್ಮ ಅಪ್ಪನಿಗೆ ಕ್ಯಾನ್ಸರ್ ಇಲ್ಲ" ಎಂದು ಹಿಂಜರಿಯುವವರಿದ್ದಾರೆ. ಆ ಹಿಂಜರಿಕೆ ಬೇಡ. ದೀರ್ಘಕಾಲ ಮಲಗಿದಲ್ಲೇ ಇರುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯಲ್ಲಿ ಅಥವಾ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ.

ಯಾವ ವಾಕರ್ ಕೊಳ್ಳಬೇಕು?

ಅಳತೆ ನೋಡದೆ ಕೊಳ್ಳಬೇಡಿ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ಮುರಕಲ್ಲಿನ ಅಂಗಳದಲ್ಲಿ ಸಣ್ಣ ಗಾಲಿಯ ವಾಕರ್ ಸಿಕ್ಕಿಕೊಳ್ಳುತ್ತದೆ, ಮೆಟ್ಟಿಲಲ್ಲಿ ಯಾವ ವಾಕರೂ ಸಲ್ಲದು. ಅಲ್ಲಿಗೆ ಕೈಹಿಡಿಯೇ ಬೇಕು. ಒಬ್ಬ ಬಡಗಿಯನ್ನು ಕರೆಸಿ ಬಚ್ಚಲಿಗೂ ಮೆಟ್ಟಿಲಿಗೂ ಹಿಡಿಕೆ ಹಾಕಿಸುವುದು ಹೆಚ್ಚಿನ ಮನೆಗಳಲ್ಲಿ ಮೊದಲು ಮಾಡಬೇಕಾದ ಖರ್ಚು.

ಮೊದಲಿನಂತೆ ಆಗುತ್ತಾರೆಯೇ? ಎಷ್ಟು ದಿನ ಕಾಯಬೇಕು?

ಎಲ್ಲರೂ ಆಗುವುದಿಲ್ಲ. ಹೊಸದಾಗಿ ಪರಾವಲಂಬನೆ ಬಂದು ಆಸ್ಪತ್ರೆಯಿಂದ ಮರಳಿದ ಹಿರಿಯರನ್ನು ಒಂದು ವರ್ಷ ಗಮನಿಸಿದ 2008ರ ಒಂದು ಅಧ್ಯಯನದಲ್ಲಿ, ಮೊದಲಿನ ಮಟ್ಟಕ್ಕೆ ಮರಳಿದವರು ಸುಮಾರು ಶೇ. 30 ಮಾತ್ರ. ಈ ಸಂಖ್ಯೆಯನ್ನು ಹೇಳಲು ನನಗೆ ಸುಲಭವಲ್ಲ, ಆದರೆ ಮೊದಲ ದಿನದಿಂದಲೇ ಅಳೆಯಿರಿ, ಎಬ್ಬಿಸಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದರಿಂದಾಗಿಯೇ.

ಮನೆಗೆ ಬಂದ ಎರಡು ವಾರಕ್ಕೆ ಒಮ್ಮೆ, ಆ ಬಳಿಕ ತಿಂಗಳಿಗೊಮ್ಮೆ ಅದೇ ಕುರ್ಚಿಯಲ್ಲಿ, ಅದೇ ಮೂರು ಮೀಟರಿನಲ್ಲಿ ಸಮಯ ನೋಡಿ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದಿಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಸೆಕೆಂಡುಗಳು ಇಳಿಯುತ್ತಿದ್ದರೆ ಅಭ್ಯಾಸ ಮುಂದುವರಿಸಿ. ಎರಡು ತಿಂಗಳು ಹಾಗೆಯೇ ನಿಂತಿದ್ದರೆ, ಅಥವಾ ಏರುತ್ತಿದ್ದರೆ, ಆ ಹಾಳೆಯನ್ನೇ ಹಿಡಿದು ಬನ್ನಿ. ಮುಂದೇನು ಮಾಡಬೇಕೆಂದು ಅದನ್ನು ನೋಡಿಕೊಂಡು ಕೂತು ಮಾತಾಡೋಣ.